ಗೋಡೆಯಾಚೆಯ ನಲ್ಲಿ

ಮಾರ್ಚ್ ೨, ಮಧ್ಯಾಹ್ನ

ಬೆಳಿಗ್ಗೆಯಿಂದ ಒಂದೇ ಸಮ ತಲೆಗಳು. ಈಗ ಉಸಿರು ಬಿಡಲು ಪುರುಸೊತ್ತು ಸಿಕ್ಕಿತು. ಈ ಸಲೂನಿನ ನಾಲ್ಕನೇ ಕುರ್ಚಿಗೆ ಇಷ್ಟು ವರ್ಷ ನಾನೇ ರಾಜ. ಆದರೆ ಹೆಸರು ಕೇಳಿದವರಿಲ್ಲ. ‘ನಾಲ್ಕನೇ ನಂಬರ್ ಖಾಲಿ ಇದ್ಯಾ?’ ಅಂತ ಬಂದು ಕೂರುತ್ತಾರೆ, ಕಣ್ಣು ಮುಚ್ಚುತ್ತಾರೆ, ಎದ್ದು ಹೋಗುತ್ತಾರೆ.

ಇವತ್ತು ಕೊನೆ. ಓನರ್‌ಗೆ ಹೇಳಿದೆ. ಮೊಬೈಲಿನಿಂದ ತಲೆ ಎತ್ತಲಿಲ್ಲ. ‘ಸರಿ. ಕತ್ತರಿಗಳು ನಿಮ್ದಾ, ಅಂಗಡೀದಾ?’ ಅಂದ. ಎಲ್ಲಾ ನನ್ನದೇ ಅಂದೆ. ಒಂದು ನನ್ನದಲ್ಲ. ಅದೂ ಚೀಲ ಸೇರಿತು.

ಅಣ್ಣ ತೀರಿಕೊಂಡು ಎರಡು ತಿಂಗಳು. ಅವನ ಕಟಿಂಗ್ ಶಾಪ್ ಬಾಗಿಲು ಹಾಕಿದೆ. ಅದರ ಹಿಂದಿನ ಎರಡು ಕೋಣೆಯಲ್ಲಿ ಅತ್ತಿಗೆ ಮತ್ತು ಮಗಳು ಪುಟ್ಟಿ. ಅಂಗಡಿ ನಡೆಯದಿದ್ದರೆ ಮಗುವಿನ ಕಾಲೇಜೂ ಇಲ್ಲ, ತಲೆ ಮೇಲೆ ಸೂರೂ ಇಲ್ಲ. ನಾನು ಒಂಟಿ ಜೀವ, ಹೊರಡಲು ಒಂದು ಚೀಲ ಸಾಕು. ಸಣ್ಣ ಊರಂತೆ. ಇರಲಿ. ಅಲ್ಲಾಡಿಸಿಬಿಡುತ್ತೇನೆ.

ಮಾರ್ಚ್ ೬, ಸಂಜೆ

ಬಂದು ಇಳಿದೆ. ನಗರ ಅಂತ ಬೋರ್ಡು ಬರೆಸಿಕೊಂಡಿದ್ದಾರೆ, ಪಾಪ. ಇರುವುದು ಒಂದೇ ಸಿಗ್ನಲ್. ಅದೂ ಬರೀ ಹಳದಿ ದೀಪ ಮಿಟುಕಿಸುತ್ತಾ ನಿಂತಿದೆ — ಯಾರಿಗೂ ನಿಲ್ಲು ಅನ್ನುವುದಿಲ್ಲ, ಹೋಗು ಅನ್ನುವುದಿಲ್ಲ. ಅಲ್ಲಿ ಕಿವಿಗೆ ರಜೆ ಇರಲಿಲ್ಲ. ಇಲ್ಲಿ ಕಿವಿಗೆ ಕೆಲಸವಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಆಟೋದವನ ಜೊತೆ ಚೌಕಾಶಿ ಮಾಡುತ್ತಿದ್ದೆ. ಪಕ್ಕದಲ್ಲಿ ಹೋಗುತ್ತಿದ್ದ ಸೈಕಲ್ ನಿಂತಿತು. ಮುದುಕರೊಬ್ಬರು ತಿರುಗಿ ನನ್ನನ್ನೇ ನೋಡಿದರು. ಹಣ್ಣಿನ ಅಂಗಡಿಯಾಕೆಯೂ ನೋಡಿದಳು. ದೊಡ್ಡ ಊರಿನ ಗತ್ತು. ಮುಚ್ಚಿಟ್ಟರೆ ಮುಚ್ಚುವಂಥದ್ದಲ್ಲ.

ಅತ್ತಿಗೆ ಬಾಗಿಲು ತೆಗೆದರು. ಅರ್ಧ ಆಗಿಹೋಗಿದ್ದಾರೆ. ‘ಇನ್ನು ನೀವು ಯಾವ್ದಕ್ಕೂ ಯೋಚ್ನೆ ಮಾಡ್ಬೇಡಿ ಅತ್ತಿಗೆ’ ಅಂದೆ. ಅವರ ಕೈಯಲ್ಲಿದ್ದ ಲೋಟ ಕೆಳಗೆ ಬಿತ್ತು. ಸುಸ್ತು, ಪಾಪ.

ನನ್ನ ಹಾಸಿಗೆ ಅಂಗಡಿಯ ಬೆಂಚಿನ ಮೇಲೆ. ಮನೆಗೂ ಅಂಗಡಿಗೂ ನಡುವೆ ಬರೀ ಒಂದು ಪ್ಲೈವುಡ್ ಗೋಡೆ. ಆ ಕಡೆ ಅಡುಗೆಮನೆ. ಚಮಚ ಬಿದ್ದರೂ ಕೇಳಿಸುತ್ತದೆ.

ಮಾರ್ಚ್ ೮

ಅಂಗಡಿ ತೆರೆದೆ. ಅಣ್ಣನ ಹಳೇ ಗಿರಾಕಿಗಳೆಲ್ಲ ಹಾಜರು. ಕಟಿಂಗ್‌ಗೆ ಬಂದವರಿಗಿಂತ ಕೂರಲು ಬಂದವರೇ ಜಾಸ್ತಿ. ಅಲ್ಲಿ ಹೀಗೆ ಕೂತರೆ ಓನರ್ ಎಬ್ಬಿಸಿ ಕಳಿಸುತ್ತಿದ್ದ. ಇಲ್ಲಿ ಕೂರಿಸಿಕೊಳ್ಳುವುದೇ ವ್ಯಾಪಾರ. ಅಂದರೆ ಮಾತೇ ವ್ಯಾಪಾರ. ಅದರಲ್ಲಿ ನನ್ನನ್ನು ಸೋಲಿಸುವ ಮಗ ಹುಟ್ಟಿಲ್ಲ.

ಕಮಿಷನರ್ ಸಾಹೇಬರ ಕಥೆ ಬಿಟ್ಟೆ. ಅವರು ಕುರ್ಚಿಯಲ್ಲಿ ಗೊರಕೆ ಹೊಡೆದದ್ದು, ನಾನು ಗೊತ್ತಿಲ್ಲದೆ ಅವರ ವಿಗ್ಗಿಗೇ ಕಟಿಂಗ್ ಮಾಡಿದ್ದು. ಸಂಜೆ ಮತ್ತೆ ಹೇಳುವಾಗ ಅವರು ಮಂತ್ರಿಯಾಗಿದ್ದರು. ಎರಡೂ ಸಲ ಕೂತು ಕೇಳಿದ್ದ ನಿವೃತ್ತ ಪೋಸ್ಟ್‌ಮಾಸ್ಟರ್ ಹಿಡಿದುಬಿಟ್ಟರು.

‘ಬೆಳಿಗ್ಗೆ ಕಮಿಷನರ್ ಆಗಿದ್ರಲ್ಲಪ್ಪ?’

‘ಸಾಯಂಕಾಲದೊಳಗೆ ಪ್ರಮೋಷನ್ ಆಗ್ಬಾರ್ದಾ ಸಾರ್?’

ಬೆಂಚು ಅಲ್ಲಾಡುವಷ್ಟು ನಕ್ಕರು. ಪೋಸ್ಟ್‌ಮಾಸ್ಟರ್ ಮಾತ್ರ ನಗಲಿಲ್ಲ. ಮುಖದ ತುಂಬಾ ನೊರೆ, ಕಣ್ಣು ಮುಚ್ಚಿಕೊಂಡು, ‘ಇನ್ನೊಂದ್ಸಲ ಹೇಳಿ’ ಅಂದರು. ಕಣ್ಣಂಚಿನಲ್ಲಿ ನೀರು. ಸೋಪು ಹೋಗಿರಬೇಕು.

ಹೇಳಿದೆ. ನಮ್ಮ ಸ್ಕೂಲಿನದೂ ಹೇಳಿದೆ. ಅಣ್ಣ ಫೇಲಾಗಿ ನನ್ನ ಕ್ಲಾಸಿಗೇ ಬಂದಿದ್ದ. ಅವನು ಈಜಲು ಓಡಿಹೋದ ದಿನ ಹಿಂದಿನ ಸಾಲಿನಿಂದ ಅವನ ಹಾಜರಿಯನ್ನೂ ನಾನೇ ಕೂಗುತ್ತಿದ್ದೆ. ಮೇಷ್ಟ್ರಿಗೆ ಒಂದು ದಿನವೂ ಗೊತ್ತಾಗಲಿಲ್ಲ.

ಮಾರ್ಚ್ ೧೫

ಅಡುಗೆಮನೆ ನಲ್ಲಿ ಕೆಟ್ಟಿದೆ. ನಾನು ಗಿರಾಕಿ ಜೊತೆ ಮಾತು ಶುರುಮಾಡಿದರೆ ಸಾಕು, ಆ ಕಡೆ ಧೋ ಅಂತ ಸದ್ದು. ಬಕೆಟ್ ತುಂಬಿ ಹರಿದರೂ ನಿಲ್ಲುವುದಿಲ್ಲ. ನಾನು ಊಟಕ್ಕೆ ಕೂತು ಬಾಯಿ ಮುಚ್ಚಿದರೆ ಅದೂ ಮುಚ್ಚುತ್ತದೆ. ಅತ್ತಿಗೆಗೆ ಹೇಳಿಕೊಳ್ಳಲು ಸಂಕೋಚ. ನಾನಿರುವುದು ಮತ್ತೆ ಯಾತಕ್ಕೆ?

ಮಾರ್ಚ್ ೧೭, ಸಂಜೆ

ಪ್ಲಂಬರ್‌ನನ್ನು ಕರೆಸಿ ಹೊಸ ನಲ್ಲಿಯನ್ನೇ ಹಾಕಿಸಿದೆ. ಹಳೆಯದು ಸರಿಯಾಗೇ ಇದೆ ಅಂದ. ‘ನಿಂಗೆ ಕಣ್ಣಿಲ್ಲ ಬಿಡು’ ಅಂದೆ. ಅತ್ತಿಗೆ ಬಾಗಿಲಲ್ಲಿ ನಿಂತು ನೋಡಿದರು. ಕೆಲಸ ಮುಗಿದ ಮೇಲೆ ಹೊಸ ನಲ್ಲಿಯನ್ನು ಸೆರಗಿನಲ್ಲಿ ಒರೆಸಿದರು. ಒರೆಸುತ್ತಲೇ ಇದ್ದರು.

ಪುಟ್ಟಿ ನನ್ನನ್ನು ಹೊರಗೆ ಕರೆದಳು.

‘ಚಿಕ್ಕಪ್ಪಾ, ನಲ್ಲಿ ಕೆಟ್ಟಿರ್ಲಿಲ್ಲ.’

‘ಮತ್ತೆ?’

‘ಅಮ್ಮನೇ ಬಿಡ್ತಾಳೆ. ನಿಮ್ಮ ಮಾತು ಕೇಳಿಸ್ಬಾರ್ದು ಅಂತ.’

‘ಅಷ್ಟೊಂದು ಕೊಚ್ಚಿಕೊಳ್ತೀನಾ ನಾನು?’ ನಗಿಸಲು ಅಂದೆ. ಅವಳು ನಗಲಿಲ್ಲ.

‘ಅಪ್ಪನ ಧ್ವನಿ ಚಿಕ್ಕಪ್ಪಾ. ಮುಖ ಬೇರೆ, ಧ್ವನಿ ಅದೇ. ನೀವು ಮೊದಲ್ನೇ ದಿನ ನಕ್ಕಾಗ ಅಮ್ಮ ಟೀ ಸೋಸಿ ಅಪ್ಪನ ಲೋಟಕ್ಕೂ ಹಾಕಿಬಿಟ್ಟಿದ್ಲು.’

ಸೈಕಲ್ಲಿನ ಮುದುಕರು. ಹಣ್ಣಿನಂಗಡಿಯಾಕೆ. ಪೋಸ್ಟ್‌ಮಾಸ್ಟರ್ ಕಣ್ಣಿನ ಸೋಪು…

ಗತ್ತಂತೆ, ಗತ್ತು.

ಏಪ್ರಿಲ್ ೪

ಬಾಯಿ ಬಂದ್ ಮಾಡಿ ಎರಡು ವಾರದ ಮೇಲಾಯಿತು. ತಲೆ ಬಾಗಿಸಿ ಅನ್ನಲು ಬೆರಳಿನಿಂದ ಒತ್ತುತ್ತೇನೆ. ಆಯಿತು ಅನ್ನಲು ಟವೆಲ್ ಕೊಡವುತ್ತೇನೆ. ಜೀವಮಾನದಲ್ಲಿ ಇಷ್ಟು ಕಷ್ಟದ ಕೆಲಸ ಮಾಡಿಲ್ಲ. ಕಲ್ಲು ಹೊರು ಅಂದರೆ ಹೊರುತ್ತಿದ್ದೆ.

ನಲ್ಲಿ ನಿಂತಿದೆ. ಬೆಂಚೂ ಖಾಲಿಯಾಗಿದೆ.

‘ಬಾಯಿ ಅಡವಿಟ್ರಾ?’ ಅಂದರು, ದಿನಾ ಬೆಂಚಿಗೆ ಬರುತ್ತಿದ್ದ ಟೈಲರ್. ಗಂಟಲು ನೋವು ಅಂತ ಸನ್ನೆ ಮಾಡಿದೆ. ಇವತ್ತು ನೋಡಿದರೆ ಅವರು ಎದುರು ರಸ್ತೆಯ ಸಲೂನಿನಿಂದ ತಲೆ ಸವರಿಕೊಳ್ಳುತ್ತಾ ಹೊರಗೆ ಬರುತ್ತಿದ್ದರು. ನನ್ನನ್ನು ಕಂಡು ಚಪ್ಪಲಿ ಸರಿಮಾಡಿಕೊಳ್ಳುವವರಂತೆ ಬಗ್ಗಿದರು. ಹಿಂದುಗಡೆ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ್ದಾನೆ, ದರಿದ್ರದವನು.

ಏಪ್ರಿಲ್ ೧೨

ಅತ್ತಿಗೆ ಅಂಗಡಿಯೊಳಗೆ ಬಂದರು. ಅಣ್ಣ ಹೋದ ಮೇಲೆ ಇದೇ ಮೊದಲು. ಖಾಲಿ ಬೆಂಚು ನೋಡಿದರು. ಅದರ ತುದಿಯಲ್ಲಿ ಕೂತರು.

‘ಮಾತಾಡಿ’ ಅಂದರು.

ನಾನು ತಲೆ ಅಲ್ಲಾಡಿಸಿದೆ.

‘ನೀವು ಮಾತಾಡ್ದೆ ಇದ್ರೆ ಅಂಗಡಿ ಉಳಿಯಲ್ಲ. ಮಾತಾಡಿದ್ರೆ ನಾನು ಉಳಿಯಲ್ಲ. ಅಕ್ಕನ ಮನೆಗೆ ಹೋಗ್ತೀನಿ. ಪುಟ್ಟಿ ಪರೀಕ್ಷೆ ಮುಗೀತಲ್ಲ, ರಜಾ ಕಳೀಲಿ ಅಲ್ಲೇ.’

‘ನಾನೇ ವಾಪಸ್ ಹೋಗ್ತೀನಿ ಅತ್ತಿಗೆ.’ ಎಷ್ಟು ಮೆಲ್ಲಗೆ ಅಂದೆನೋ ನನಗೇ ಕೇಳಿಸಲಿಲ್ಲ. ಆದರೂ ಅವರು ಕಣ್ಣು ಮುಚ್ಚಿಕೊಂಡರು.

‘ನೀವು ಹೋದ್ರೆ ಈ ಬಾಗ್ಲು ಮತ್ತೆ ಮುಚ್ಚುತ್ತೆ. ಅದನ್ನ ಇನ್ನೊಂದ್ಸಲ ನೋಡಕ್ಕಾಗಲ್ಲ ನನ್ನಿಂದ. ನಿಮ್ದೇನೂ ತಪ್ಪಿಲ್ಲ. ದೇವ್ರಿಗೇ ಸೋಮಾರಿತನ. ಒಂದೇ ಅಚ್ಚಲ್ಲಿ ಎರಡು ಗಂಟಲು ತೆಗೆದುಬಿಟ್ಟ.’

ನಗಲು ನೋಡಿದರು. ಅರ್ಧದಲ್ಲಿ ಬಿಟ್ಟರು.

ಅವರ ಸಲುವಾಗಿ ಅಷ್ಟು ದೊಡ್ಡ ಊರು ಬಿಟ್ಟು ಬಂದೆ. ನನ್ನ ಸಲುವಾಗಿ ಅವರು ಈ ಸಣ್ಣ ಊರು ಬಿಡುತ್ತಿದ್ದಾರೆ.

ಏಪ್ರಿಲ್ ೧೪

ಹೋದರು. ಬಸ್ ಹತ್ತಿಸಿದೆ. ಪುಟ್ಟಿ ಕೈ ಬೀಸಿದಳು. ನಾನೂ ಕೈಯಷ್ಟೇ ಬೀಸಿದೆ.

ಏಪ್ರಿಲ್ ೨೯

ಈಗ ಮಾತಾಡಲು ಯಾರ ಅಡ್ಡಿಯೂ ಇಲ್ಲ. ದಿನವಿಡೀ ಮಾತಾಡುತ್ತೇನೆ. ಟೈಲರ್ ವಾಪಸ್ ಬಂದರು. ಹಿಂದಿನ ಮೆಟ್ಟಿಲುಗಳನ್ನು ಸರಿಮಾಡಿಕೊಟ್ಟೆ. ಕಮಿಷನರ್ ಈಗ ರಾಜ್ಯಪಾಲರಾಗಿದ್ದಾರೆ. ಬೆಂಚು ತುಂಬಿದೆ. ಪುಟ್ಟಿಗೆ ದುಡ್ಡು ಕಳಿಸಿದೆ.

ಮಧ್ಯೆ ಮಧ್ಯೆ ಮಾತು ನಿಲ್ಲಿಸಿ ಗೋಡೆ ಕಡೆ ಕಿವಿಗೊಡುತ್ತೇನೆ. ಕೆಟ್ಟ ಅಭ್ಯಾಸ.

ಮೇ ೧೧, ಭಾನುವಾರ

ಬಾಗಿಲು ಮುಚ್ಚಿ, ಕಸ ಗುಡಿಸಿ, ಮನೆಯೊಳಗೆ ಹೋದೆ. ನಲ್ಲಿ ತಿರುಗಿಸಿ ನೋಡಿದೆ. ಪ್ಲಂಬರ್ ಚೆನ್ನಾಗೇ ಹಾಕಿದ್ದಾನೆ. ಹನಿಯೂ ಸೋರುವುದಿಲ್ಲ.

ಪ್ರತಿ ಭಾನುವಾರ ಇದೇ ಹೊತ್ತಿಗೆ ಅಣ್ಣ ಫೋನ್ ಮಾಡುತ್ತಿದ್ದ. ಯಾವಾಗಲೂ ಅದೇ ಒಂದು ಪ್ರಶ್ನೆ. ಅಂಗಡಿಗೆ ಬಂದೆ. ದೀಪ ಹಾಕಲಿಲ್ಲ. ಕನ್ನಡಿಗೆ ಬೆನ್ನು ಹಾಕಿ ಅವನ ಕುರ್ಚಿಯಲ್ಲಿ ಕೂತು, ಜೋರಾಗಿಯೇ ಕೇಳಿದೆ — ‘ಏನೋ, ಊಟ ಆಯ್ತೇನೋ?’

ಅವನೇ.

ಆಯಿತು ಅಂತ ಹೇಳಬೇಕು ಅನ್ನಿಸಿತು. ಹೇಳಿದರೆ ಅದೂ ಅವನದೇ ಧ್ವನಿ ಆಗಿಬಿಡುತ್ತದೆ. ಅತ್ತಿಗೆ ಇದನ್ನು ಬೆಳಿಗ್ಗೆಯಿಂದ ಸಂಜೆವರೆಗೂ ಕೇಳಿದರು. ಒಂದು ನಲ್ಲಿಯಷ್ಟೇ ಅಡ್ಡ ಇಟ್ಟುಕೊಂಡು.

ಮೇ ೨೬, ಬೆಳಿಗ್ಗೆ

ಈಗಷ್ಟೇ ಪುಟ್ಟಿ ಫೋನ್ ಮಾಡಿದಳು.

‘ಚಿಕ್ಕಪ್ಪಾ, ಅಮ್ಮ ಪಕ್ಕದಲ್ಲೇ ಇದ್ದಾಳೆ. ಮಾತಾಡಲ್ಲ. ನೀವೂ ಅವಳ ಹತ್ರ ಮಾತಾಡ್ಬೇಡಿ. ಫೋನ್ ಆಫ್ ಮಾಡ್ದೆ ಕನ್ನಡಿ ಹತ್ರ ಇಟ್ಟು ನಿಮ್ಮ ಕೆಲ್ಸ ಮಾಡ್ತಿರಿ, ಅಷ್ಟೇ.’

‘ಯಾಕಮ್ಮ?’

ಅವಳು ಪಿಸುಗುಟ್ಟಿದಳು. ‘ಇಲ್ಲಿ ಗೋಡೆ ಆಚೆ ಏನೂ ಕೇಳ್ಸಲ್ಲ ಅಂತಾಳೆ.’

ಫೋನ್ ಪೌಡರ್ ಡಬ್ಬಿಗೆ ಒರಗಿಸಿ ಇಟ್ಟಿದ್ದೇನೆ. ಅದರೊಳಗಿಂದ ನಲ್ಲಿಯ ಸದ್ದು. ಧೋ ಅಂತ. ಅಲ್ಲಿಯೂ ಬಿಟ್ಟುಕೊಂಡೇ ಕೂತಿದ್ದಾರೆ.

ಪೋಸ್ಟ್‌ಮಾಸ್ಟರ್ ಬಂದರು. ‘ಕೂತ್ಕೊಳ್ಳಿ ಸಾರ್’ ಅಂದೆ. ಅಷ್ಟೇ ಅಂದದ್ದು. ಆ ಕಡೆ ಸದ್ದು ಸಣ್ಣದಾಯಿತು. ಇನ್ನೂ ಸಣ್ಣದಾಯಿತು. ನಿಂತಿತು.

ಅವರು ಕೊರಳಿಗೆ ಟವೆಲ್ ಸುತ್ತಿಕೊಂಡು ಕಾಯುತ್ತಿದ್ದಾರೆ. ‘ಅದೇನ್ ಬರೀತಾ ನಿಂತ್ರಿ, ಎಲ್ಲಿಗೆ ಬಂದ್ರು ನಿಮ್ಮ ಕಮಿಷನರ್?’ ಅನ್ನುತ್ತಿದ್ದಾರೆ. ಎಲ್ಲಿಂದ ಶುರುಮಾಡಲಿ ತಿಳಿಯುತ್ತಿಲ್ಲ. ಕಮಿಷನರ್ ಕಥೆ ಬೇಡ. ಸ್ಕೂಲಿನದು ಹೇಳುತ್ತೇನೆ. ಹಿಂದಿನ ಸಾಲು, ಮೇಷ್ಟ್ರು ಹೆಸರು ಕೂಗುತ್ತಾರೆ, ಅವನಿಲ್ಲ, ನಾನು ತಲೆ ತಗ್ಗಿಸಿ ಅವನ ಪರವಾಗಿ—