ಕೊಳವೆಯೊಳಗೆ ಓಡುವ ಪಟ್ಟೆಗಳು

ಚಿಕ್ಕಬಳ್ಳಾಪುರ
ಮಂಗಳವಾರ, ೧೯೬೨

ಜಂಗಮಕೋಟೆಯ ಶ್ಯಾಮಲಾ ಅವರಿಗೆ, ಮೊನ್ನೆ ಭಾನುವಾರ ನಿಮ್ಮನ್ನು ನೋಡಲು ಬಂದು ನೆಲ ನೋಡಿಕೊಂಡು ಹೋದ ಕೋನಪ್ಪನ ನಮಸ್ಕಾರಗಳು.

ನಿಮ್ಮ ಸೋದರತ್ತೆ ಓಬಳಮ್ಮನವರು ಈಗಷ್ಟೇ ಸಿಕ್ಕಿದ್ದರು. "ಏನಪ್ಪ, ಕಂಬ ನೆಟ್ಟಂಗೆ ಕೂತಿದ್ಯಂತೆ! ಹುಡುಗನಿಗೆ ಮನಸ್ಸಿಲ್ಲ ಅಂತ ನಮ್ಮಣ್ಣ ಶುಕ್ರವಾರ ಚಿಂತಾಮಣಿ ಗಂಡಿನೋರಿಗೆ ಮಾತು ಕೊಡ್ತಾನೆ" ಅಂದರು. ಚಿಂತೆ ನನ್ನ ಪಾಲಿಗೆ, ಮಣಿ ಅವರ ಪಾಲಿಗೆ! ತಡೆಯಲಾರದೆ ಈ ಕಾಗದ ಬರೆದು ಅವರ ಕೈಯಲ್ಲೇ ಕಳಿಸುತ್ತಿದ್ದೇನೆ.

ಅಮ್ಮ ನನಗೆ ಅತ್ತರು ಬಳಿದು ಕರೆತಂದಿದ್ದಳು. ನಿಮ್ಮಪ್ಪ ಮೂಗು ಮುಚ್ಚಿಕೊಂಡು, "ಹುಳ ಜ್ವರಕ್ಕೆ ಕೂತವೆ, ವಾಸ್ನೆ ಆಗಲ್ಲ, ಜಗಲೀ ಮೇಲೇ ಇರಿ" ಅಂದರು. ರೇಷ್ಮೆಹುಳ ಮೇವು ಬಿಟ್ಟು, ಅಲುಗಾಡದೆ ಕೂತು ಪೊರೆ ಬಿಡುವುದಕ್ಕೆ ನೀವು ಜ್ವರ ಅನ್ನುತ್ತೀರಂತೆ. ಹಾಗಾದರೆ ಅಂದು ಜಗಲಿಯ ಮೇಲೂ ಒಂದು ಹುಳ ಕೂತಿತ್ತು.

ಕಾಫಿ ತಂದ ನೀವು ಕಾಲೇಜಿನಲ್ಲಿ ನನ್ನ ಕೆಲಸವೇನೆಂದು ಕೇಳಿದಿರಿ. ಗಾಜಿನ ಕೊಳವೆಯಿಂದ ಗಾಳಿ ತೆಗೆದು, ಉಳಿದ ಚೂರುಪಾರಿಗೆ ಕರೆಂಟು ಹಾಯಿಸಿದರೆ ಬೆಳಗುತ್ತದೆ ಅಂದೆ. "ಏನೂ ಇಲ್ದೇನೆ ಬೆಳಕಾ? ಅದು ಅಲುಗಾಡಲ್ವಾ?" ಅಂದಿರಿ. ಇಲ್ಲ, ನಿಶ್ಚಲ ಅಂದೆ. ಅಂದವನು ನಾನೂ ನಿಶ್ಚಲನಾದೆ.

ಅದು ಅರ್ಧ ಸತ್ಯ. ಬರಿಗಣ್ಣಿಗೆ ಅದು ತಣ್ಣಗಿನ ಗುಲಾಬಿ ಬೆಳಕು. ಎದುರಿಗೆ ಒಂದು ಕನ್ನಡಿಯಿಟ್ಟು ಗರಗರ ತಿರುಗಿಸಿ ನೋಡಿದರೆ ಅದೇ ಬೆಳಕು ಪಟ್ಟೆಪಟ್ಟೆಯಾಗಿ ಒಡೆದು, ಒಂದರ ಹಿಂದೊಂದು ಓಡುತ್ತಿರುತ್ತದೆ. ಓಟ ಅತಿಯಾದ್ದರಿಂದಲೇ ಅದು ನಿಂತಂತೆ ಕಾಣುವುದು. ಅಂದು ನಿಮ್ಮಪ್ಪನವರ ಕೈಯಲ್ಲಿ ತಿರುಗುವ ಕನ್ನಡಿ ಇರಲಿಲ್ಲ, ಅಷ್ಟೆ.

ಇಲ್ಲಿ ಕಾಲೇಜಿನಲ್ಲಿ ಕೊಳವೆಯ ಗಾಳಿ ಎಳೆಯುವ ಪಂಪು ಟಕಟಕ ಅನ್ನುತ್ತಿದೆ. ಎರಡು ಸಾಲು ಬರೆಯುತ್ತೇನೆ, ಏಳುತ್ತೇನೆ, ಕಿಟಕಿಯವರೆಗೆ ಹೋಗುತ್ತೇನೆ, ಬರುತ್ತೇನೆ. "ಕೂತ್ಕೊಳ್ಳಿ ಸ್ವಾಮಿ, ನೆಲ ಸವೀತದೆ" ಅನ್ನುತ್ತಾನೆ ನಮ್ಮ ಅಟೆಂಡರ್ ಮುನಿಗಂಗಪ್ಪ.

ಗುರುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಅತ್ತರಿಲ್ಲ, ಪೌಡರಿಲ್ಲ, ಬರೀ ಕೋನಪ್ಪ. ಹುಳದ ಮನೆಯೊಳಕ್ಕೆ ಹೊರಗಿನವರನ್ನು ಬಿಡುವುದಿಲ್ಲ, ಮನೆಯವರಾದರೆ ಕಾಲು ತೊಳೆದು ಹೋಗಬಹುದು ಎಂಬ ನಿಮ್ಮ ಕಟ್ಟಳೆಯನ್ನು ಓಬಳಮ್ಮನವರು ಹೇಳಿದರು. ನಿಮಗೆ ಮನಸ್ಸಿಲ್ಲದಿದ್ದರೆ ಜಗಲಿ ತೋರಿಸಿ. ಕಾಫಿ ಕುಡಿದು, ಯಾರಿಗೂ ಏನೂ ಹೇಳದೆ ಬಂದ ಬಸ್ಸಿಗೇ ಹೊರಡುತ್ತೇನೆ. ಮನಸ್ಸಿದ್ದರೆ ಮಾತೇನೂ ಬೇಡ, ನೀರಿನ ತಂಬಿಗೆ ಕೈಗೆ ಕೊಡಿ. ನಿಮ್ಮಪ್ಪನವರ ಮುಂದೆ ನಾನೇ ಬಾಯಿ ಬಿಡುತ್ತೇನೆ. ಈ ಸಲ ನೆಲ ನೋಡುವುದಿಲ್ಲ.

ನಿಮ್ಮ ಹುಳುಗಳೆಲ್ಲ ಸುಖವಾಗಿ ಹಣ್ಣಾಗಿ ನೂಲು ಬಿಡಲಿ, ಗೂಡು ಗಟ್ಟಿಯಾಗಲಿ.

ಕಾಲು ತೊಳೆಯಲು ಕಾದಿರುವ,
ಕೋನಪ್ಪ