ಮರಳುದಿಬ್ಬದ ಸಂತ

ಕೆಲಿಬಿಯಾದ ಉತ್ತರ ತೀರ
ಅಕ್ಟೋಬರ್ ೧೪, ೧೯೯೯

ಮಗಳೇ ವಿದಾದ್,

ಎರಡು ಪತ್ರ ಬರೆದರೂ ಸೋದರಮಾವ ಉತ್ತರ ಕೊಡಲಿಲ್ಲವೆಂದು ಮುಖ ಊದಿಸಿಕೊಂಡಿರಬೇಡ. ನಾನೀಗ ದೊಡ್ಡ ಮನುಷ್ಯ. ನೀವೆಲ್ಲ ಟ್ಯೂನಿಸ್ಸಿನ ವಿಶ್ವವಿದ್ಯಾಲಯದಲ್ಲಿ ಮರಳನ್ನು ಜರಡಿ ಹಿಡಿದು ಕೂತಿರುವಾಗ ಊರ ಮರಳುದಿಬ್ಬವನ್ನು ಉಳಿಸಿದವನು, ಊರ ಶಾಲೆಯನ್ನೂ ಪೂರ್ತಿ ಮುಗಿಸದ ನಾನು.

ಬೇಸಿಗೆಯಲ್ಲಿ ಕಾಫಿ ಅಂಗಡಿಯವನು ಕಾರು ನಿಲ್ಲಿಸುವ ಜಾಗಕ್ಕೆಂದು ಬುಲ್ಡೋಜರ್ ತಂದಿದ್ದನಲ್ಲ, ಆ ದಿನ ಚಾಲಕನಿಗೆ ನೀನು ಕಲಿಸಿದ್ದನ್ನೆಲ್ಲ ಒಪ್ಪಿಸಿದೆ: ಅಲೆ ಊರೊಳಗೆ ನುಗ್ಗದಂತೆ ತಡೆಯುವುದು ಈ ದಿಬ್ಬವೇ ಎಂದು. ಅವನು ಆಕಳಿಸಿದ. ಆಗ ಟೋಪಿ ತೆಗೆದು ಮೆಲ್ಲಗೆ ಅಂದೆ: "ಅಗಿಯಪ್ಪಾ, ಅಗಿ. ಒಳಗೆ ಸಿದಿ ರಮ್ಲಿ ಮಲಗಿದಾರೆ. ಹಿಂದೆ ಅಗೆಯೋಕೆ ಬಂದೋನ ಕೈ ಇವತ್ತಿಗೂ ಮೇಲಕ್ಕೇಳಲ್ಲ." ಅಂಥ ಸಂತ ಯಾರೂ ಇರಲಿಲ್ಲ, ಹೆಸರು ಆ ಗಳಿಗೆಯಲ್ಲಿ ಬಾಯಿಗೆ ಬಂದದ್ದು. ಅವನು ಯಂತ್ರ ತಿರುಗಿಸಿದ ವೇಗವನ್ನು ನೀನು ನೋಡಬೇಕಿತ್ತು.

ಆಮೇಲಿನದು ನಿನಗೆ ಗೊತ್ತು. ಶುಕ್ರವಾರ ಬಂತೆಂದರೆ ಹೆಂಗಸರು ಮೇಣದಬತ್ತಿ, ಗೋರಂಟಿ ಹಿಡಿದು ದಿಬ್ಬ ಹತ್ತತೊಡಗಿದರು. ಮರಳನ್ನು ಹಿಡಿದಿಟ್ಟಿದ್ದ ಹುಲ್ಲು ಅವರ ಕಾಲಡಿ ಸತ್ತಿತು. ಅಲ್ಲಿ ಗಾಳಿ ಬಾಯಿ ಹಾಕಿ, ನೆತ್ತಿಯಲ್ಲಿ ಕತ್ತೆ ಹಾಯುವಷ್ಟು ಕಂಡಿ ಬಿತ್ತು. "ಚಳಿಗಾಲದ ಬಿರುಗಾಳಿಗೆ ಮುಂಚೆ ದಾರಿ ಮುಚ್ಚದಿದ್ದರೆ ದಿಬ್ಬ ಎರಡು ಹೋಳು, ಮಾವ" ಎಂದು ನೀನು ಬರೆದೆ.

ನಿಜ ಹೇಳಿನೋಡಿದೆ. ರೊಟ್ಟಿ ಸುಡುವ ಸಾಲ್ಹಾ ಎಲ್ಲರೆದುರು ಅಂದಳು: "ನೀನು ಹುಟ್ಟಿಸಿದ ಸಂತರಾ? ನಿನ್ ಬಾಯಲ್ಲಿ ನಿಜ ಹುಟ್ಟಿದ್ದೇ ನಾ ಕಂಡಿಲ್ಲ, ಮೊಂಜಿ. ಅವರಿಗೆ ಬತ್ತಿ ಹಚ್ಚಿದ್ಮೇಲೇ ನನ್ ಸೊಸೆ ಬಸುರಾಗಿದ್ದು."

"ಅದ್ರಲ್ಲಿ ನಿನ್ ಮಗಂದೂ ಸ್ವಲ್ಪ ಪಾಲಿರಬಹುದು ಕಣೇ" ಅಂದೆ.

ಹೆಂಗಸರು ಮುಸುಕಿನೊಳಗೆ ನಕ್ಕರು. ಸಾಲ್ಹಾ ನಗಲಿಲ್ಲ. "ದೋಣಿ ಹತ್ತಿ ಹೋದ ನಿನ್ ಮಗ ವಜ್ದಿಗೂ ಒಂದು ಬತ್ತಿ ಹಚ್ಚು. ಅದಕ್ಯಾಕೆ ನಿಂಗೆ ಬಿಗುಮಾನ?"

"ಅವನು ಇಟಲೀಲಿ ಉಂಡು ದಪ್ಪಗಾಗಿದಾನೆ. ಸಂತರಿಗ್ಯಾಕೆ ತೊಂದರೆ" ಎಂದು ಎದ್ದು ಬಂದೆ.

ನಿಜಕ್ಕೆ ಗಿರಾಕಿಯಿಲ್ಲವೆಂದು ತಿಳಿದ ಮೇಲೆ ಇನ್ನೊಂದು ಸುಳ್ಳು ಹೊಸೆದೆ. ಕನಸು ಬಿತ್ತೆಂದು ಮಸೀದಿಯ ಮೆಟ್ಟಿಲಲ್ಲಿ ಹೇಳಿದೆ: ಕಡಲ ಗಾಳಿಗೆ ಸಂತರಿಗೆ ಮಂಡಿನೋವು ಬಂದು, ಹಳೆಯ ಬಾವಿಯ ಪಕ್ಕದ ಗಟ್ಟಿ ನೆಲಕ್ಕೆ ಹೋಗಿದ್ದಾರೆ. ಇಮಾಮರು ದುರುಗುಟ್ಟಿ ನೋಡಿ ಒಳಗೆ ಹೋದರು. ಮುಂದಿನ ಶುಕ್ರವಾರ ಬತ್ತಿಗಳೆಲ್ಲ ಬಾವಿಕಟ್ಟೆಯ ಮೇಲೆ. ನೀನು ಹೇಳಿದಂತೆ ಕಂಡಿಗೆ ಅಡ್ಡಲಾಗಿ ಖರ್ಜೂರದ ಗರಿಯ ಬೇಲಿ ನೆಟ್ಟೆ. ಬುಡದಲ್ಲಿ ಮರಳು ಕೂಡುತ್ತಿದೆ. ನಿನ್ನ ಪ್ರಬಂಧದಲ್ಲಿ ನನ್ನ ಹೆಸರನ್ನು ದಪ್ಪಕ್ಷರದಲ್ಲಿ ಹಾಕಿಸು.

ಕೆಂಪು ಮೆಣಸಿನಕಾಯಿಯ ಹರಿಸಾ ಅರೆದು ಜಾಡಿ ತುಂಬಿಸಿಟ್ಟಿದ್ದೇನೆ, ಬಂದಾಗ ಒಯ್ಯಿ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ನಿನ್ನ ಓದಿಗೆ ಬರಕತ್ತು ಕೊಡಲಿ.

ನಿನ್ನ ಮಾವ
ಮೊಂಜಿ

ಇನ್ನೊಂದು ಮಾತು. ಬೇಲಿ ತಡವಾದದ್ದು ಸಾಲ್ಹಾಳಿಂದಲ್ಲ. ಹೆಂಗಸರೆಲ್ಲ ಇಳಿದ ಮೇಲೆ ನಾನು ಹತ್ತುತ್ತಿದ್ದೆ. ಒಳಗೆ ಮರಳಲ್ಲದೆ ಯಾರೂ ಇಲ್ಲವೆಂದು ನನ್ನಷ್ಟು ಖಚಿತವಾಗಿ ಬಲ್ಲವರು ಊರಲ್ಲಿಲ್ಲ. ಆದರೂ ವಜ್ದಿಗಾಗಿ ಬೇಡಿಕೊಳ್ಳುತ್ತಿದ್ದೆ. ಇಟಲಿಯಿಂದ ಅವನದೊಂದು ಮಾತೂ ಬಂದಿಲ್ಲ, ವಿದಾದ್. ತಲುಪಿದನೋ ಇಲ್ಲವೋ, ಅದೂ ತಿಳಿಯದು. ಬಾವಿಯ ಹತ್ತಿರ ನಿಂತರೆ ನನಗೆ ಬಾಯಿ ಬರುವುದಿಲ್ಲ. ಅಲ್ಲಿಂದ ಕಡಲು ಕಾಣುವುದಿಲ್ಲ. ಒಬ್ಬ ಮುದುಕ ವಾರಕ್ಕೊಮ್ಮೆ ಬರಿಗಾಲಲ್ಲಿ ಬೇಲಿ ದಾಟಿದರೆ ಹುಲ್ಲು ತಡೆದುಕೊಂಡೀತೇ? ಓದಿದವಳು ನೀನು, ಬರೆದು ತಿಳಿಸು. ಕೂಡದು ಎಂದರೆ ದಾಟುವುದಿಲ್ಲ.