ತಗಡಿನ ಬಳೆ

ಪ್ರೀತಿಯ ಅಪ್ಪಾ,

ನಾನು ಕ್ಷೇಮ. ನಿನ್ನ ಹಳೆಯ ಪಿಕಪ್ ಕೂಡ ಓಡುತ್ತಿರುವಷ್ಟು ಹೊತ್ತು ಕ್ಷೇಮ; ನಿಂತರೆ ಮಾತ್ರ ಕೆಂಡಾಮಂಡಲವಾಗುತ್ತದೆ.

ನಿನ್ನೆ ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡಾಗ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿತು. ನೀನು ಕಲಿಸಿದಂತೆ, ಆ ಬಿಸಿಯನ್ನು ಒಳಗೆಳೆಯಲು ಹೀಟರ್ ಪೂರ್ತಿ ತಿರುಗಿಸಿದೆ. ಹೊರಗೆ ಉರಿಬಿಸಿಲು. ಪಕ್ಕದ ಸೀಟಿನಲ್ಲಿ, ನಾನು ಮದುವೆಯಾಗಬೇಕೆಂದಿರುವವನ ತಾಯಿ. ನನ್ನನ್ನು ನೋಡಲೆಂದೇ ಮೊದಲ ಸಲ ಬಂದಿದ್ದರು.

ಮನೆ ಮುಟ್ಟುವವರೆಗೂ ಅವರು ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಲೇ ಇದ್ದರು. ಇಳಿದವರೇ ಬಾನೆಟ್ ಎತ್ತಿ ಇಣುಕಿದರು. "ಫ್ಯಾನಿನ ಸುತ್ತ ಇರ್ಬೇಕಾದ ತಗಡಿನ ಬಳೆ ಎಲ್ಲಮ್ಮಾ? ಅದಿಲ್ದೆ, ಗಾಡಿ ನಿಂತಾಗ ಫ್ಯಾನು ರೇಡಿಯೇಟರಿಂದ ಗಾಳಿ ಎಳೆಯೋದು ಹೇಗೆ?" ಲಾರಿ ಓಡಿಸಿ ಮಗನನ್ನು ಸಾಕಿದವರಂತೆ, ನನಗೆ ಅವನು ಹೇಳಿಯೇ ಇರಲಿಲ್ಲ.

ಲಟಲಟ ಅನ್ನುತ್ತದೆಂದು ನೀನೇ ಅದನ್ನು ಬಿಚ್ಚಿ, ಕೋಳಿಗೆ ಗೂಡು ಮಾಡಿಕೊಟ್ಟಿದ್ದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಕೋಳಿಗೊಂದು ಬುಟ್ಟಿ ಕೊಟ್ಟು, ಬಳೆಯನ್ನು ಚೆನ್ನಾಗಿ ತೊಳೆದು ಬೇಗ ಕಳಿಸು. ಯಾಕೆಂದರೆ ಹೊರಡುವಾಗ ಅವರು ಹೇಳಿದ್ದು ಇಷ್ಟೇ: "ಭಾನುವಾರ ಬೀಗರನ್ನ ಇದ್ರಲ್ಲೇ ಕರ್ಕೊಂಡು ಬರೋಣ. ಹೀಟರ್ ಪಕ್ಕ ಅವರೇ ಕೂತ್ಕೊಳ್ಳಲಿ."

ಬೀಗರು ಅಂದರು ಅಪ್ಪಾ!

ಇಂತಿ,
ಬೆವರಿ ಗೆದ್ದ ನಿನ್ನ ಮಗಳು